ಸುಮ್ಮನಿರಲಾರದವರ ಲೋಳೆಸರ

ಸೋಮಾರಿಗಳ ಮನೆಯಲ್ಲೂ ಒಂದಿಷ್ಟು ಹಸಿರಿರಲಿ ಎಂದು ದೇವರು ಲೋಳೆಸರವನ್ನು ಸೃಷ್ಟಿಸಿರಬೇಕು. ಗುಲಾಬಿಗೆ ಗೊಬ್ಬರ ಬೇಕು, ದಾಸವಾಳಕ್ಕೆ ಹಿಟ್ಟುತಿಗಣೆಯಿಂದ ಕಾವಲು ಬೇಕು, ತುಳಸಿಗೆ ದಿನವೂ ನೀರಿನ ಜೊತೆ ನಮಸ್ಕಾರವೂ ಬೇಕು. ಲೋಳೆಸರ ಕೇಳುವುದು ಒಂದೇ: ನನ್ನನ್ನು ನನ್ನ ಪಾಡಿಗೆ ಬಿಡಿ. ನಮ್ಮ ಮನೆಯಲ್ಲಿ ಬೇರೆ ಏನು ಕೇಳಿದರೂ ಸಿಗುತ್ತದೆ, ಅದೊಂದು ಮಾತ್ರ ಸಿಗುವುದಿಲ್ಲ.

ಒಣಗಿದ ಮಣ್ಣು ಕಂಡರೆ ನಮ್ಮತ್ತೆಯವರ ಕರುಳು ಚುರುಕ್ ಎನ್ನುತ್ತದೆ. “ಬೇಡ ಅತ್ತೆ, ಬೇರು ಕೊಳೆಯುತ್ತೆ” ಅಂದರೆ, “ಒಂದು ಚೊಂಬು ನೀರು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತಮ್ಮ? ಬಾಯಿಲ್ಲದ ಜೀವ!” ಎಂದು ಅಕ್ಕಿ ತೊಳೆದ ನೀರನ್ನೂ ಬೇಳೆ ತೊಳೆದ ನೀರನ್ನೂ ಸಮನಾಗಿ ಹಂಚುತ್ತಾರೆ. ಯಜಮಾನರದು ವಿಜ್ಞಾನದ ದಾರಿ. ಒಂದು ಎಲೆಯಿಂದ ಹತ್ತು ಗಿಡ ಮಾಡುವುದು ಹೇಗೆಂದು ಮೊಬೈಲಿನಲ್ಲಿ ನೋಡಿ, ಎಲೆಯನ್ನು ತುಂಡು ಮಾಡಿ ಸಾಲಾಗಿ ಮಣ್ಣಿಗೆ ಚುಚ್ಚುತ್ತಾರೆ. ಅದರ ಎಲೆಯೊಳಗೆ ಇರುವುದೆಲ್ಲ ನೀರೇ. ಬೇರು ಬಿಡುವ ಮೊದಲೇ ಕೊಳೆತು ನಾರತೊಡಗುತ್ತದೆ. “ಇನ್ನೊಂದು ವಾರ ನೋಡೋಣ” ಎಂದು ಅವರು, “ಮೂಗು ಮುಚ್ಚಿಕೊಂಡು ನೋಡಿ” ಎಂದು ನಾನು.

ಈ ಗಿಡದ ಗಟ್ಟಿತನ ತಿಳಿಯಬೇಕಾದರೆ ನಮ್ಮ ಬೀದಿಯ ಅಂಗಡಿಗಳ ಬಾಗಿಲು ನೋಡಬೇಕು. ದೃಷ್ಟಿಯಾಗದಿರಲಿ ಎಂದು ಬೇರುಸಹಿತ ಕಿತ್ತು ತಲೆಕೆಳಗಾಗಿ ಕಟ್ಟಿರುತ್ತಾರೆ. ಮಣ್ಣಿಲ್ಲ, ನೀರಿಲ್ಲ, ಜೊತೆಗೆ ರಸ್ತೆಯ ಹೊಗೆ ಬೇರೆ. ಹಾಗಿದ್ದೂ ಅದು ತಿಂಗಳುಗಟ್ಟಲೆ ಬದುಕಿ, ತುದಿಯನ್ನು ಬೆಳಕಿನತ್ತ ಮೇಲಕ್ಕೆ ಬಾಗಿಸುತ್ತದೆ. ಇದರ ಗುಟ್ಟು ಸರಳ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವಾಗ ನೀರೂ ಆವಿಯಾಗಿ ಹೋಗುತ್ತದೆ. ಲೋಳೆಸರ ನಮ್ಮೂರ ಐಟಿ ಹುಡುಗರ ಹಾಗೆ ರಾತ್ರಿ ಪಾಳಿಯದು. ಹಗಲು ಬಾಗಿಲು ಹಾಕಿಕೊಂಡಿದ್ದು, ತಂಪು ಹೊತ್ತಿನಲ್ಲಿ ತೆರೆದು ಬೇಕಾದ ಗಾಳಿಯನ್ನು ಕೂಡಿಟ್ಟುಕೊಂಡು, ಮರುದಿನದ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಒಮಾನಿನ ಒಣ ಬೆಟ್ಟಗಳಲ್ಲಿ ಹುಟ್ಟಿ ಬೆಳೆದದ್ದಕ್ಕೆ ಅತ್ತೆಯವರ ಚೊಂಬು ಪ್ರವಾಹವೇ ಸರಿ.

ಸಸ್ಯಶಾಸ್ತ್ರಜ್ಞರೂ ಅದನ್ನು ಅದರ ಪಾಡಿಗೆ ಬಿಡಲಿಲ್ಲ. 1768ರಲ್ಲಿ ಬರ್ಮನ್ ‘ಅಲೋ ವೆರಾ’ ಎಂದು ಹೆಸರಿಟ್ಟರೆ, ಅದೇ ವರ್ಷ ಮಿಲ್ಲರ್ ‘ಅಲೋ ಬಾರ್ಬಡೆನ್ಸಿಸ್’ ಎಂದು ಕರೆದ. ಅರೇಬಿಯಾದ ಗಿಡ ಇಂದಿಗೂ ಶಾಂಪೂ ಬಾಟಲಿಗಳ ಹಿಂದೆ ಬಾರ್ಬಡೋಸ್ ದ್ವೀಪದ ವಿಳಾಸ ಹೊತ್ತು ತಿರುಗುತ್ತಿದೆ.

ಇನ್ನು ಸಂತಾನದ ವಿಚಾರ. ಅದಕ್ಕೂ ಯಾರ ಸಹಾಯವೂ ಬೇಕಿಲ್ಲ. ತಾಯಿಗಿಡದ ಬುಡದಲ್ಲಿ ತಾನಾಗಿಯೇ ಮರಿಗಳು ಏಳುತ್ತವೆ. ಮೂರು ನಾಲ್ಕು ಇಂಚು ಬೆಳೆದು ಸ್ವಂತ ಬೇರು ಬಿಟ್ಟ ಮರಿಯನ್ನು ಬಿಡಿಸಿ, ಗಾಯ ಒಣಗಲು ಎರಡು ಮೂರು ದಿನ ನೆರಳಲ್ಲಿಟ್ಟು, ತಳದಲ್ಲಿ ತೂತಿರುವ ಕುಂಡದಲ್ಲಿ ಅರ್ಧ ಮರಳು ಬೆರೆಸಿದ ಕೆಮ್ಮಣ್ಣಿಗೆ ನೆಟ್ಟರೆ ಮುಗಿಯಿತು. ಮೊದಲ ವಾರ ನೀರು ಹಾಕಬಾರದು. ಆಮೇಲೂ ಬೆರಳು ಚುಚ್ಚಿ ನೋಡಿ, ಮಣ್ಣು ಒಳಗೂ ಒಣಗಿದ್ದರೆ ಮಾತ್ರ ಹಾಕಬೇಕು. ಆ ಒಂದು ವಾರ ನಾನು ಮರಿಯ ಕುಂಡವನ್ನು ಅತ್ತೆಯವರ ಕಣ್ಣಿಗೆ ಬೀಳದಂತೆ ವಾಷಿಂಗ್ ಮೆಷಿನ್ನಿನ ಹಿಂದೆ ಬಚ್ಚಿಡುತ್ತೇನೆ.

ನಿಜವಾದ ಕಷ್ಟವೆಂದರೆ ಮರಿಗಳನ್ನು ದಾಟಿಸುವುದು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರಿಗೆ ಅರಿಸಿನ ಕುಂಕುಮ, ತಾಂಬೂಲದ ಜೊತೆ ಕಾಗದದಲ್ಲಿ ಸುತ್ತಿದ ಒಂದು ಮರಿ. ಗ್ಯಾಸ್ ತಂದವನಿಗೊಂದು, ಪೇಪರ್ ಹುಡುಗನಿಗೊಂದು. ಈಗ ನಾನು ಲಿಫ್ಟಿನ ಮುಂದೆ ಚೀಲ ಹಿಡಿದು ನಿಂತರೆ, ಎದುರು ಮನೆಯಾಕೆ ಮಂಡಿನೋವು ಮರೆತು ಮೆಟ್ಟಿಲಲ್ಲೇ ಇಳಿದುಹೋಗುತ್ತಾರೆ.

ಒಯ್ದವರು ಮರುದಿನವೇ ಮುಖಕ್ಕೂ ತಲೆಗೂ ಹಚ್ಚಲು ಆತುರಪಡುತ್ತಾರೆ. ಅವರಿಗೊಂದು ಮಾತು: ಎಲೆ ಕೊಯ್ದಾಗ ಸಿಪ್ಪೆಯಡಿಯಿಂದ ಹಳದಿ ರಸ ಇಳಿಯುತ್ತದೆ, ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಪೂರ್ತಿ ಬಸಿದುಬಿಡಿ. ಕೆಲವರ ಚರ್ಮಕ್ಕೆ ಅದರಿಂದ ತುರಿಕೆ, ಹೊಟ್ಟೆಗೆ ಹೋದರೆ ಭೇದಿ. ಅದೇ ರಸ ಒಣಗಿದರೆ ಗ್ರಂಧಿಗೆ ಅಂಗಡಿಯ ಕಹಿಕಹಿ ಕರಿಬೋಳ.

ಇಷ್ಟು ಓದಿದ ಮೇಲೆ ಮರಿ ಬೇಕೆನಿಸಿದವರು ದಯವಿಟ್ಟು ಬನ್ನಿ, ಕಾಫಿಯೂ ಸಿಗುತ್ತದೆ. ಕುಂಡ ನೀವೇ ತನ್ನಿ. ಒಂದೇ ಸಾಕು ಎನ್ನುವವರು ಮಾತ್ರ ಬರಬೇಡಿ. ಎರಡಕ್ಕಿಂತ ಕಡಿಮೆ ಒಯ್ಯುವವರಿಗೆ ಕಾಫಿ ಇಲ್ಲ.