ಹದಿನೆಂಟು ಕಾಲೆಟ್ಟಿನ ಡಬ್ಬಿ

(ಬೆಂಗಳೂರು, ರಾಜಾಜಿನಗರ. ಕಾರು ನಿಲ್ಲಬೇಕಾದ ಜಾಗದಲ್ಲಿ ಪುಟ್ಟ ಮಿಲ್ಲಿಂಗ್ ಮೆಷಿನ್. ಕಾರು ಬೀದಿಯಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಪೀಣ್ಯದಲ್ಲಿ ಮಿಲ್ಲರ್ ಆಗಿದ್ದ ಪಕ್ಕದ ಮನೆ ನಂಜಪ್ಪ.)

ರಾಯರು: ಸರಿಯಾದ ಹೊತ್ತಿಗೆ ಬಂದ್ರಿ ನಂಜಪ್ಪನೋರೇ. ಕಟರ್ ಹಿಡಿಯೋಕೆ ಇಆರ್ 32 ಕಾಲೆಟ್ ಸೆಟ್, 3ರಿಂದ 20 ಎಂಎಂ ತನಕ, ಒಟ್ಟು 18. ಆರ್ಡರ್ ಒತ್ತೋದೊಂದೇ ಬಾಕಿ.

ನಂಜಪ್ಪ: ನಿಮ್ಮ ಹತ್ರ ಎಂಡ್‌ಮಿಲ್ ಎಷ್ಟಿವೆ ಸಾರ್?

ರಾಯರು: ಎರಡು. 6ರದ್ದು, 10ರದ್ದು.

ನಂಜಪ್ಪ: ಇಷ್ಟು ದಿನ ಯಾತರಲ್ಲಿ ಹಿಡಿಸ್ತಿದ್ರಿ?

ರಾಯರು: ಡ್ರಿಲ್ ಚಕ್ಕಲ್ಲಿ.

ನಂಜಪ್ಪ: ಶಿವನೇ! ಅದಿರೋದು ನೇರ ಕೆಳಕ್ಕೆ ಒತ್ತೋ ಕೆಲಸಕ್ಕೆ. ಎಂಡ್‌ಮಿಲ್ ಪಕ್ಕಕ್ಕೆ ಎಳೆಯುತ್ತೆ. ಕಟರ್ ಜಾರುತ್ತೆ, ಇಲ್ಲಾ ಚಕ್ಕೇ ಟೇಪರ್ ಬಿಟ್ಟು ಕಳಚಿಕೊಳ್ಳುತ್ತೆ.

ಶಾರದಮ್ಮ: (ರಾಯರ ಹೆಂಡತಿ, ಕಾಫಿ ತರುತ್ತಾ) ಓ, ಮೊನ್ನೆ ತುಳಸಿಕಟ್ಟೆ ಹತ್ರ ಬಿದ್ದಿದ್ದು ಅದೇನಾ?

ರಾಯರು: ಅದು ಟ್ರಯಲ್ ಕಣೇ.

ನಂಜಪ್ಪ: ಸ್ಪಿಂಡಲ್ ಯಾವುದು?

ರಾಯರು: ಆರ್8. ಅಮೆರಿಕದ ಬ್ರಿಜ್‌ಪೋರ್ಟ್‌ನೋರು ತಮ್ಮ ಮಿಲ್ಲಿಂಗ್ ಮೆಷಿನ್‌ಗೆ ಅಂತ ಮಾಡ್ಕೊಂಡಿದ್ದು.

ನಂಜಪ್ಪ: ಹಾಗಾದ್ರೆ ಆರ್8 ಕಾಲೆಟ್ಟೇ ತಗೊಳ್ಳಿ. ನೇರ ಸ್ಪಿಂಡಲ್‌ಗೆ ಕೂರುತ್ತೆ, ಮೇಲಿಂದ ಡ್ರಾಬಾರ್ ಬಿಗಿದ್ರೆ ಮುಗೀತು. ಇಆರ್‌ಗೆ ಹೋಲ್ಡರು, ನಟ್ಟು ಎಲ್ಲಾ ಕೆಳಗೆ ಇಳಿಬೀಳುತ್ತೆ. ಇಷ್ಟು ಗಿಡ್ಡ ಮೆಷಿನ್‌ನಲ್ಲಿ ವೈಸ್ ಇಟ್ಟ ಮೇಲೆ ಜಾಬ್ ಎಲ್ಲಿಡ್ತೀರಿ, ತಲೆ ಮೇಲಾ?

ರಾಯರು: ಆರ್8ರಲ್ಲಿ ಅಳತೆಗೊಂದು ಕಾಲೆಟ್ ಬೇಕಲ್ಲ! ಕಟರ್ ಬದಲಾಯಿಸೋಕೆ ಪ್ರತಿ ಸಲ ಡ್ರಾಬಾರ್ ಸಡಿಲಿಸಿ ಸುತ್ತಿಗೇಲಿ ತಟ್ಟಬೇಕು. ಇಆರ್ ಅಂದ್ರೆ ಸ್ವಿಟ್ಜರ್ಲೆಂಡಿನ ರೆಗೋಫಿಕ್ಸ್‌ನೋರ ಬುದ್ಧಿ, 1970ರ ದಶಕದ್ದು. 10ರ ಕಾಲೆಟ್ 9ರ ತನಕ ಹಿಡಿಯುತ್ತೆ.

ನಂಜಪ್ಪ: ಕೆಳಕ್ಕೆ ಹಿಡಿಯುತ್ತೆ, ಮೇಲಕ್ಕೆ ಹಿಗ್ಗಲ್ಲ. ಎಲ್ಲಿಂದಲೋ ಕಾಲಿಂಚಿನ ಹಳೇ ಕಟರ್ ತಂದ್ರೆ ಅದರ ಶ್ಯಾಂಕು 6.35. 6ರೊಳಗೆ ಹೋಗಲ್ಲ, 7ರದ್ದೇ ಬೇಕು.

ಶಾರದಮ್ಮ: ಬಳೆ ಥರಾ ಅನ್ನಿ. ನನ್ನ ಕೈ ಎರಡು-ನಾಲ್ಕು. ಎರಡು-ಆರು ತೊಟ್ರೆ ಪಾತ್ರೆ ತೊಳೆಯುವಾಗ ಸಿಂಕಿಗೇ. ಅದಕ್ಕೇ ಬಳೆಗಾರನಿಗೆ ಕೈ ತೋರಿಸ್ತೀನಿ. ಮಲಾರ ಪೂರ್ತಿ ಮನೆಗೆ ತರಲ್ಲ!

ನಂಜಪ್ಪ: ಅಮ್ಮಾವ್ರು ನಮ್ಮ ಸ್ಟೋರಲ್ಲಿ ಇರಬೇಕಿತ್ತು.

ರಾಯರು: ಈ ಸೆಟ್ಟು ಅಗ್ಗಾನೂ ಹೌದು ನಂಜಪ್ಪನೋರೇ.

ನಂಜಪ್ಪ: ಅಗ್ಗದ್ದು ನೆಟ್ಟಗೆ ಸುತ್ತಿದ್ರೆ ನಿಮ್ಮ ಪುಣ್ಯ. ಡಯಲ್ ಇಟ್ಟು ನೋಡಿ. 40-50 ಮೈಕ್ರಾನ್ ರನ್‌ಔಟ್ ಬಂತು ಅಂದ್ಕೊಳ್ಳಿ, ಸಣ್ಣ ಕಟರ್‌ನಲ್ಲಿ ನಾಲ್ಕು ಹಲ್ಲಿದ್ರೂ ದುಡಿಯೋದು ಒಂದೋ ಎರಡೋ.

ರಾಯರು: ಮಿಕ್ಕವು?

ನಂಜಪ್ಪ: ಜೊತೆಗೆ ಸುತ್ತುತ್ತಾ ಇರ್ತವೆ.

ಶಾರದಮ್ಮ: ರೀ, ನಿಮ್ಮ ಬ್ರಾಂಚು ನೆನಪಾಗ್ತಿಲ್ವಾ?

(ರಾಯರು ಕಾಫಿ ಊದುತ್ತಾರೆ. ತಣ್ಣಗಾಗಿ ಎಷ್ಟೋ ಹೊತ್ತಾಗಿದೆ.)

ನಂಜಪ್ಪ: ಮುಂದೆ ಎಂದಾದ್ರೂ ಇಆರ್ ತಂದ್ರೆ ಒಂದು ಮಾತು. ಕಾಲೆಟ್ಟನ್ನ ಓರೆ ಹಿಡಿದು ಮೊದಲು ನಟ್ಟೊಳಗೆ ಟಕ್ ಅನ್ನಿಸಿ ಕೂರಿಸಿ, ಆಮೇಲೆ ಹೋಲ್ಡರ್‌ಗೆ. ನಟ್ಟೊಳಗಿನ ಅಂಚೇ ಬಿಚ್ಚುವಾಗ ಅದನ್ನ ಹೊರಕ್ಕೆ ಎಳೆಯೋದು. ತಿರುಗುಮುರುಗು ಮಾಡಿದ್ರೆ ಒಳಗೇ ಕಚ್ಚಿಕೊಂಡು ಕೂರುತ್ತೆ.

ರಾಯರು: ಸರಿಯಪ್ಪ. ಈಗ ಆರ್8ರಲ್ಲಿ 6, 10. ಎರಡೇ.

ಶಾರದಮ್ಮ: ಬರೆದುಕೊಡಿ.

ನಂಜಪ್ಪ: ಅಂದ ಹಾಗೆ ಮೊದಲು ಏನು ಮಾಡ್ತೀರಿ ಇದರಲ್ಲಿ?

ರಾಯರು: ಕಾಲೆಟ್ ಜೋಡಿಸಿಡೋಕೆ ಅಲ್ಯೂಮಿನಿಯಂ ಸ್ಟ್ಯಾಂಡು. ಎರಡು ಸಾಲು, ಸಾಲಿಗೆ ಆರು ತೂತು.

ಶಾರದಮ್ಮ: ಇರೋ ಎರಡಕ್ಕೆ ಹನ್ನೆರಡು ತೂತಾ?

ರಾಯರು: ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಅನ್ನೋದು ನನಗೂ ಗೊತ್ತು ಕಣೇ. ನಿಧಾನಕ್ಕೆ ತುಂಬಿಸ್ತೀನಿ.