ದೊಡ್ಡಪ್ಪಾ, ಒಂದ್ನಿಮಿಷ ಫೋನ್ ಕೊಡಿ

ಸ್ವಂತ ದುಡ್ಡಲ್ಲಿ ವಿಡಿಯೊ ಗೇಮ್ ಮಾಡಿ, ತಾವೇ ಬಿಡುಗಡೆ ಮಾಡಿ, ತಾವೇ ಪ್ರಚಾರಕ್ಕೂ ಹೊರಟವರನ್ನು ಗುರುತಿಸುವುದು ಬಹಳ ಸುಲಭ. ಅವರು ನಿಮ್ಮ ಮುಖ ನೋಡಿ ಮಾತಾಡುವುದಿಲ್ಲ, ಶರ್ಟಿನ ಜೇಬು ನೋಡಿ ಮಾತಾಡುತ್ತಾರೆ. ಜೇಬಲ್ಲಿರುವುದು ಆಂಡ್ರಾಯ್ಡೋ ಐಫೋನೋ, ಅದರಲ್ಲಿ ಜಾಗ ಉಂಟೋ, ಇಲ್ಲ ಗುಡ್ ಮಾರ್ನಿಂಗ್ ಗುಲಾಬಿಗಳೇ ತುಂಬಿಹೋಗಿವೆಯೋ, ಇಷ್ಟನ್ನೂ ‘ಚೆನ್ನಾಗಿದೀರಾ?’ ಎಂದು ಕೇಳಿ ಮುಗಿಸುವಷ್ಟರಲ್ಲಿ ಅಳೆದುಬಿಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಈ ಸಂತತಿ ಹೆಚ್ಚುತ್ತಿದೆ. ನಮ್ಮ ಮನೆಯ ಪಾಲಿಗೆ ಬಂದವನು ನನ್ನ ತಮ್ಮನ ಮಗ.

ಹುಡುಗ ಒಳ್ಳೆಯವನೇ. ಸಾಫ್ಟ್‌ವೇರ್ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಕೂತು ಒಂದು ಗೇಮ್ ಮಾಡಿದ. ಹೆಸರು ‘ಚಿಲ್ಲರೆ’. ಆಡುವವರು ಸಿಟಿ ಬಸ್ಸಿನ ಕಂಡಕ್ಟರ್. ಬೆಳಗ್ಗೆ ಎಂಟೂವರೆಯ ರಶ್ಶಿನಲ್ಲಿ ಒಬ್ಬ ಹತ್ತು ರೂಪಾಯಿ ಟಿಕೆಟ್ಟಿಗೆ 500ರ ನೋಟು ಹಿಡಿಯುತ್ತಾನೆ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡಬೇಕು. ಅವನು ಮೆಜೆಸ್ಟಿಕ್‌ನಲ್ಲಿ ಇಳಿಯುವುದರೊಳಗೆ ನೆನಪಿಟ್ಟು ಹಿಂತಿರುಗಿಸಬೇಕು. ಮರೆತರೆ ಬಸ್ಸಿಡೀ ಸೇರಿ ನಿಮ್ಮ ಜನ್ಮ ಜಾಲಾಡುತ್ತದೆ. ಉಪಾಯವೇನೋ ಭೇಷಾಗಿತ್ತು. ಆದರೆ ಇವನು ಕೋಡ್ ಬರೆಯುತ್ತಿದ್ದಾಗಲೇ, 2023ರ ಜೂನಿನಲ್ಲಿ, ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ಸು ಉಚಿತವಾಗಿ ಚಿಲ್ಲರೆಯ ಹಂಗೇ ಹೋಯಿತು. ಉಳಿದ ಗಂಡಸರು ಕ್ಯೂಆರ್ ಕೋಡಿಗೆ ಫೋನ್ ಹಿಡಿಯತೊಡಗಿದರು. ಗೇಮ್ ಮುಗಿಯುವಷ್ಟರಲ್ಲಿ ಅದು ಐತಿಹಾಸಿಕ ಗೇಮ್ ಆಗಿತ್ತು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದು ನಿವೃತ್ತನಾದ ನಾನು ಅದನ್ನು ಆಡಿ, ಮೂರನೇ ಸ್ಟಾಪಿನಲ್ಲೇ ಲೆಕ್ಕ ತಪ್ಪಿ ಸಸ್ಪೆಂಡ್ ಆದೆ. ಈ ಸುದ್ದಿಯನ್ನು ಅವನು ಟ್ರೇಲರಿನಲ್ಲೂ ಬಳಸಿಕೊಂಡಿದ್ದಾನೆ.

ಗೇಮ್ ಮಾಡುವುದು ಅರ್ಧ ಕೆಲಸ, ಆಡುವವರನ್ನು ಹುಡುಕುವುದು ಇನ್ನೊಂದೂವರೆ ಕೆಲಸ ಎಂದು ನಮಗೆಲ್ಲ ಗೊತ್ತಾದದ್ದು ಪ್ಲೇ ಸ್ಟೋರಿನ ನಿಯಮದಿಂದ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆಪ್ ಬಿಡುಗಡೆ ಮಾಡಬೇಕಾದರೆ ಮೊದಲು ಕನಿಷ್ಠ 12 ಮಂದಿ ಪರೀಕ್ಷಕರು ಸತತ 14 ದಿನ ಅದರಲ್ಲಿ ಸೇರಿಕೊಂಡಿರಬೇಕು. 2023ರ ಕೊನೆಗೆ ಈ ನಿಯಮ ಬಂದಾಗ 20 ಮಂದಿ ಬೇಕಿತ್ತು, ಆಮೇಲೆ ಇಳಿಸಿದರು. ಇಳಿಸದಿದ್ದರೆ ನಮ್ಮ ಬಂಧುಬಳಗದಲ್ಲಿ ಇನ್ನೂ ಎಂಟು ಜನ ನೊಂದಿರುತ್ತಿದ್ದರು.

ಮುಹೂರ್ತ ಇಟ್ಟದ್ದು ಒಂದು ನಾಮಕರಣದ ದಿನ. ಮಗುವಿಗೆ ಹೆಸರಿಡುವ ಮೊದಲೇ ಇವನ ಪಟ್ಟಿಯಲ್ಲಿ ಹನ್ನೊಂದು ಹೆಸರು ಬಿದ್ದಿದ್ದವು. ‘ದೊಡ್ಡಪ್ಪಾ, ಒಂದ್ನಿಮಿಷ ಫೋನ್ ಕೊಡಿ’ ಎಂದು ಇಸಕೊಂಡದ್ದು, ಪಾಯಸ ಬಡಿಸುವಾಗ ವಾಪಸ್ ಬಂತು. ಐಫೋನ್ ಇಟ್ಟುಕೊಂಡಿದ್ದ ಭಾವನವರನ್ನು ಇವನು ತಿರುಗಿಯೂ ನೋಡಲಿಲ್ಲ. ಅವರಿಗೆ ಅದು ಅವಮಾನವಾಗಿ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಹನ್ನೆರಡನೆಯವರು ಯಾರು ಎಂಬ ಚಿಂತೆಯಲ್ಲಿದ್ದಾಗ ಪುರೋಹಿತರು ಪಂಚಾಂಗದ ಆಪ್ ನೋಡಲು ಆಂಡ್ರಾಯ್ಡ್ ಫೋನ್ ಹೊರತೆಗೆದರು. ‘ಇದಕ್ಕೂ ಸಂಕಲ್ಪ ಮಾಡಿಸಬೇಕೇನಪ್ಪಾ?’ ಎಂದು ಕೇಳುತ್ತಲೇ ಅವರೂ ಸೇರಿದರು.

ಎಲ್ಲ ಸರಿಹೋಗುತ್ತಿತ್ತು. ಒಂಬತ್ತನೆಯ ದಿನ ಮೈಸೂರಿನಲ್ಲಿ ನನ್ನ ತಂಗಿಯ ಮೊಮ್ಮಗ, ಅಜ್ಜಿಯ ಫೋನ್ ನಿಧಾನವಾಗಿದೆಯೆಂದು ಗೇಮ್ ಅಳಿಸಿಹಾಕಿದ್ದಲ್ಲದೆ ‘ಪರೀಕ್ಷೆಯಿಂದ ಹೊರಬನ್ನಿ’ ಎಂಬುದನ್ನೂ ಒತ್ತಿಬಿಟ್ಟ. ಹನ್ನೆರಡು ಹನ್ನೊಂದಾಯಿತು, ‘ಸತತ’ ಹರಿಯಿತು, ಲೆಕ್ಕ ಮತ್ತೆ ಒಂದರಿಂದ. ಹುಡುಗ ಆವತ್ತೇ ಸಂಜೆ ಮೈಸೂರಿನ ಬಸ್ಸು ಹತ್ತಿದ. ಬಾಗಿಲು ತೆಗೆದ ನನ್ನ ತಂಗಿಗೆ ಕಣ್ಣು ತುಂಬಿಬಂತು. ‘ಅತ್ತೇನ ನೋಡ್ಬೇಕು ಅಂತ ಅಷ್ಟು ದೂರದಿಂದ ಓಡಿ ಬಂದಿದೆ ನೋಡಿ ಮಗು’ ಎಂದು ನಡುರಾತ್ರಿ ಒಲೆ ಹಚ್ಚಿ ಉಪ್ಪಿಟ್ಟು ಮಾಡಿ ಹಾಕಿದಳು. ಅವನು ತಿನ್ನುತ್ತಾ ಎಡಗೈಯಲ್ಲಿ ಅವಳ ಫೋನ್ ತೀಡುತ್ತಿದ್ದ. ಮುಂದಿನ ಭಾನುವಾರ ಖಾತರಿಗಾಗಿ ಮತ್ತೆ ಹೋದ. ವರ್ಷಗಟ್ಟಲೆ ಆ ಮನೆ ಕಡೆ ತಲೆ ಹಾಕದವನು ಈಗ ಅತ್ತೆಯ ಬಿಪಿ ಮಾತ್ರೆಯ ಹೆಸರನ್ನೂ ಬಲ್ಲ.

ಫೋನಿನ ಪಾಡು ಮುಗಿಯುವಷ್ಟರಲ್ಲಿ ಕಂಪ್ಯೂಟರಿನದು ಶುರುವಾಯಿತು. 100 ಡಾಲರ್ ಕಟ್ಟಿ, ಗೇಮುಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಪುಟ ತೆರೆದ. ಅಂದಿನಿಂದ ನಮಸ್ಕಾರದ ಬದಲು ‘ವಿಶ್‌ಲಿಸ್ಟ್ ಮಾಡಿದ್ರಾ?’. ಬಿಡುಗಡೆಯ ದಿನ ಅಂಗಡಿಯೇ ಹಾಗೆ ಮಾಡಿದವರಿಗೆ ಮೇಲ್ ಕಳಿಸುತ್ತದಂತೆ. ಹತ್ತು ರಿವ್ಯೂ ಬರುವವರೆಗೆ ಗೇಮಿನ ಹೆಸರಿನ ಪಕ್ಕ ಶ್ರೇಣಿಯೇ ಕಾಣುವುದಿಲ್ಲ. ಫ್ರೀ ಕೀ, ಅಂದರೆ ಗೇಮ್ ತೆರೆಯುವ ಪುಕ್ಕಟೆ ಕೋಡ್, ಪಡೆದು ಆಡಿದವರ ರಿವ್ಯೂ ಆ ಶ್ರೇಣಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬಂಧುಗಳು ದುಡ್ಡು ಕೊಟ್ಟೇ ಹೊಗಳಬೇಕು. ಇಂಥ ಪರೀಕ್ಷೆಯನ್ನು ನಮ್ಮ ವಂಶ ಹಿಂದೆಂದೂ ಎದುರಿಸಿರಲಿಲ್ಲ.

ಪ್ರಚಾರಕರಿಗೆಲ್ಲ ಒಂದೆರಡು ಪುರಾಣ ಬಾಯಿಪಾಠ ಇರುತ್ತವೆ. ಎರಿಕ್ ಬರೋನ್ ಒಬ್ಬನೇ ಕೂತು ನಾಲ್ಕು ವರ್ಷಕ್ಕೂ ಮೇಲೆ ಕೆಲಸ ಮಾಡಿ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ತಂದ ಕಥೆ, 2018ರಲ್ಲಿ ಬಂದ ‘ಅಮಾಂಗ್ ಅಸ್’ ಅನ್ನು 2020ರಲ್ಲಿ, ತಾವು ಆಡುವುದನ್ನು ನೇರಪ್ರಸಾರ ಮಾಡುವ ಸ್ಟ್ರೀಮರ್‌ಗಳು ಎತ್ತಿ ಮೆರೆಸಿದ ಕಥೆ. ಸ್ಟೀಮ್‌ನಲ್ಲಿ 2024ರ ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಗೇಮ್ ಬಂದವು, ದಿನಕ್ಕೆ ಐವತ್ತರ ಲೆಕ್ಕ. ಉಳಿದ ನಲವತ್ತೊಂಬತ್ತರ ಕಥೆ ಯಾವ ಪುರಾಣದಲ್ಲೂ ಇಲ್ಲ. ಸ್ಟ್ರೀಮರ್‌ಗಳಿಗೆ ಇವನೂ ಪತ್ರ ಬರೆದ. ದೊಡ್ಡವರಿಂದ ಉತ್ತರವಿಲ್ಲ. ಬಿಡುಗಡೆಯಾದ ವಾರ ಮಾತ್ರ ತಾವೇ ತಾವಾಗಿ ಮೇಲ್‌ಗಳು ಬಂದವು. ‘ನಿಮ್ಮ ಗೇಮ್ ಅದ್ಭುತ, ಐದು ಕೀ ಕಳಿಸಿ’ ಎಂದು. ಮನೆಮಂದಿಗೆಲ್ಲ ಮೈಸೂರ್‌ಪಾಕ್ ಹಂಚಿದ. ಸ್ಟ್ರೀಮರ್ ವೇಷ ಹಾಕಿ ಕೀ ಇಸಕೊಂಡು ಮಾರಿಕೊಳ್ಳುವ ದಂಧೆ ಅದೆಂದು ಗೊತ್ತಾಗುವಷ್ಟರಲ್ಲಿ ಮೈಸೂರ್‌ಪಾಕ್ ಖಾಲಿಯಾಗಿತ್ತು.

ಆವತ್ತು ಸಪ್ಪಗೆ ಕೂತವನನ್ನು ನೋಡಲಾರದೆ ಗಳಗನಾಥರ ಕಥೆ ಹೇಳಿದೆ. ಕನ್ನಡದಲ್ಲಿ ಕಾದಂಬರಿ ಓದುವ ರೂಢಿ ಬೆಳೆಸಿದ ಮಹಾನುಭಾವರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಕಣೋ ಎಂದೆ. ಹುಡುಗ ತಲೆಯೆತ್ತಿ, ‘ಅವರ ಓದುಗರು ಎರಡು ಗಂಟೆ ಓದೋದ್ರೊಳಗೆ ಪುಸ್ತಕ ವಾಪಸ್ ಕೊಟ್ಟು ದುಡ್ಡು ಕೇಳ್ತಿದ್ರಾ ದೊಡ್ಡಪ್ಪಾ?’ ಎಂದ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಹಣ ಹಿಂತಿರುಗಿಸುತ್ತದೆ. ಇವನ ಗೇಮ್ ಮುಗಿಯುವುದೇ ಒಂದೂಮುಕ್ಕಾಲು ಗಂಟೆಗೆ.

ನಾನು ಬಾಯಿ ಮುಚ್ಚಿದೆ. ನನ್ನದೇ ಖರ್ಚಿನಲ್ಲಿ ಅಚ್ಚಾದ ಹನಿಗವನ ಸಂಕಲನ ಮಂಚದ ಕೆಳಗೆ ಕಟ್ಟು ಬಿಚ್ಚದೆ ಮಲಗಿದೆ. ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಕವರಿನ ಬದಲು ಅದನ್ನೇ ಕೊಡುತ್ತೇನೆ. ಇಸಕೊಂಡವರಾರೂ ಬೈದಿಲ್ಲ. ಎಲ್ಲರೂ ‘ತುಂಬಾ ಚೆನ್ನಾಗಿದೆ ಸಾರ್’ ಎಂದೇ ಹೇಳಿದ್ದಾರೆ. ಯಾವ ಪದ್ಯ ಎಂದು ಕೇಳುವ ಧೈರ್ಯ ನನಗೂ ಬಂದಿಲ್ಲ.

ಹೀಗಿರುವಾಗ ಹುಬ್ಬಳ್ಳಿಯ ಯಾರೋ ಅಪರಿಚಿತರ ರಿವ್ಯೂ ಬಂತು. ಹೊಗಳಿಕೆ ಅಲ್ಲ, ಜಗಳ. ಫುಟ್‌ಬೋರ್ಡಿನ ಮೇಲೆ ನಿಂತವನಿಗೆ ಟಿಕೆಟ್ ಕೊಡಲು ಹೋದರೆ ಮುಂದಿನ ಸ್ಟಾಪ್ ತಪ್ಪಿಹೋಗುತ್ತದೆ, ಇದೆಂಥಾ ಅನ್ಯಾಯ, ನಾಲ್ಕು ಸಲ ಸೋತೆ ಎಂದು ಉದ್ದಕ್ಕೆ ಬೈದಿದ್ದರು. ಹುಡುಗ ಅದನ್ನು ಮನೆಯವರಿಗೆಲ್ಲ ಓದಿ ಹೇಳಿದ. ನಾಲ್ಕು ಸಲ ಸೋತಿದ್ದಾರೆ ಅಂದರೆ ನಾಲ್ಕು ಸಲ ಆಡಿದ್ದಾರೆ ಎಂದು ಕುಣಿದಾಡಿದ. ರಾತ್ರಿಯೇ ಕೂತು ಸರಿಪಡಿಸಿದ. ನಾವು ಬಂಧುಗಳು ಇಷ್ಟು ದಿನ ಕಳಿಸಿದ ಹೆಬ್ಬೆರಳು, ಹೂಗುಚ್ಛ, ‘ಸೂಪರ್ ಪುಟ್ಟಾ’ಗಳಿಗೆ ಅವನ ಮುಖ ಒಮ್ಮೆಯೂ ಹಾಗೆ ಅರಳಿರಲಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲೂ ಇಂಥವನೊಬ್ಬನಿದ್ದರೆ ದಯವಿಟ್ಟು ‘ಸೂಪರ್’ ಎನ್ನಬೇಡಿ. ಹತ್ತು ನಿಮಿಷ ಕೂತು ಆಡಿ, ಎಲ್ಲಿ ಬೇಜಾರಾಯಿತೆಂದು ಬಾಯಿಬಿಟ್ಟು ಹೇಳಿ. ಹಿಡಿಸಿದರೆ ದುಡ್ಡು ಕೊಟ್ಟು ಕೊಳ್ಳಿ, ಫ್ರೀ ಕೀ ಕೇಳಬೇಡಿ. ಈ ಮಾತು ಹನಿಗವನಗಳಿಗೂ ಅನ್ವಯಿಸುತ್ತದೆ.