ಬಲವಂತದ ಡೌನ್‌ಲೋಡ್: ಒಂದು ದೋಷಮೀಮಾಂಸೆ

ಬ್ರೌಸರು ತಾನೇ ತೆರೆದು ತೋರಿಸಬಲ್ಲ ಫೈಲನ್ನು ತೋರಿಸದೆ ನೇರವಾಗಿ ಬಳಕೆದಾರನ ಡಿಸ್ಕಿಗೆ ಇಳಿಸುವಂತೆ ಸರ್ವರಿನಿಂದ ಹೇಳಿಸುವ ಕ್ರಿಯೆಗೆ ಪಿಎಚ್‌ಪಿ ಬಲ್ಲವರ ವಲಯದಲ್ಲಿ ಬಲವಂತದ ಡೌನ್‌ಲೋಡ್ ಎಂದು ಹೆಸರು. ಇದರ ಮೂಲಪಾಠ ಐದು ಸಾಲಿನದು. ಫೈಲಿನ ಬಗೆ ಹೇಳುವ ಕಂಟೆಂಟ್-ಟೈಪ್ ಹೆಡರು, ‘ಅಟ್ಯಾಚ್‌ಮೆಂಟ್’ ಎಂಬ ಮಾತನ್ನೂ ಫೈಲಿನ ಹೆಸರನ್ನೂ ಹೊತ್ತ ಕಂಟೆಂಟ್-ಡಿಸ್ಪೊಸಿಷನ್ ಹೆಡರು, ಬೈಟುಗಳ ಲೆಕ್ಕ ಒಪ್ಪಿಸುವ ಕಂಟೆಂಟ್-ಲೆಂತ್, ಆಮೇಲೆ ರೀಡ್‌ಫೈಲ್, ಕೊನೆಗೆ ಎಕ್ಸಿಟ್. ಇಷ್ಟು ಚಿಕ್ಕ ಸೂತ್ರಕ್ಕೆ ಇಷ್ಟು ದೊಡ್ಡ ಭಾಷ್ಯರಾಶಿ ಬೆಳೆದದ್ದು ವ್ಯಾಕರಣಶಾಸ್ತ್ರದಲ್ಲೂ ಅಪರೂಪ.

ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಇಳಿಯದ ಫೈಲು, ಇಲ್ಲವೇ ಇಳಿದೂ ತೆರೆಯದ ಫೈಲು. ಪ್ರಯೋಜನ: ಶುಕ್ರವಾರ ಹೊತ್ತಿಗೆ ಸರಿಯಾಗಿ ಮನೆ ಸೇರುವುದು. ಸಂಬಂಧ: ಕೆಲಸ ಬಿಟ್ಟು ಹೋದವನು ಬರೆದಿಟ್ಟ ಕೋಡಿಗೂ ಅವನ ಕುರ್ಚಿಗೆ ಬಂದು ಕೂತವನಿಗೂ ಇರುವಂಥದ್ದು. ಅಧಿಕಾರಿ: ‘ನನ್ನ ಮಷೀನಿನಲ್ಲಿ ಸರಿಯಾಗಿಯೇ ಇದೆ’ ಎಂದು ಒಮ್ಮೆಯಾದರೂ ಹೇಳಿದವನು. ಹೇಳದವನಿಗೆ ಮುಂದಿನ ಭಾಗಗಳು ಅರ್ಥವಾಗುವುದಿಲ್ಲ.

ಮೊದಲು ಮೂಲದ ವಿಚಾರ. ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕೆಂದು ಬರೆದುಕೊಂಡಿದ್ದ ಸಲಕರಣೆಗಳನ್ನು 1995ರಲ್ಲಿ ಬಿಡುಗಡೆ ಮಾಡಿದರು. ಪಿಎಚ್‌ಪಿ ಹುಟ್ಟಿದ್ದು ಹಾಗೆ. ಅದೇ ವರ್ಷ ಆರ್‌ಎಫ್‌ಸಿ 1806 ಎಂಬ ದಾಖಲೆಯಲ್ಲಿ ಕಂಟೆಂಟ್-ಡಿಸ್ಪೊಸಿಷನ್ ಹೆಡರೂ ಕಾಣಿಸಿಕೊಂಡಿತು. ಆದರೆ ಅದರ ತವರು ಇಮೇಲು. ವೆಬ್ಬಿಗೆ ಅದು ಬಂದದ್ದು ಬೇಸಿಗೆ ರಜೆಗೆಂದು ಸೋದರಮಾವನ ಮನೆಗೆ ಬಂದ ಹುಡುಗ ಅಲ್ಲೇ ಉಳಿದುಬಿಟ್ಟ ಹಾಗೆ. ಎಚ್‌ಟಿಟಿಪಿ 1.1ರ 1999ರ ದಾಖಲೆಯು, ಇದು ನಮ್ಮ ಮಾನಕಕ್ಕೆ ಸೇರಿದ್ದಲ್ಲ, ಎಲ್ಲರೂ ಬಳಸುತ್ತಿರುವುದರಿಂದ ಹೇಳುತ್ತಿದ್ದೇವೆ ಎಂಬ ಧಾಟಿಯಲ್ಲಿ ಅದಕ್ಕೆ ಪರಿಶಿಷ್ಟದಲ್ಲಿ ಜಾಗ ಕೊಟ್ಟಿತು. ವೆಬ್ಬಿನಲ್ಲಿ ಅದು ಹೇಗೆ ನಡೆದುಕೊಳ್ಳಬೇಕೆಂದು ಪ್ರತ್ಯೇಕವಾಗಿ ಹೇಳುವ ಆರ್‌ಎಫ್‌ಸಿ 6266 ಬಂದದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಬ್ರೌಸರುಗಳು ತಮಗೆ ತೋಚಿದಂತೆ ನಡೆದವು. ಪ್ರೋಗ್ರಾಮರುಗಳು ಬ್ರೌಸರುಗಳಿಗೆ ತೋಚಿದಂತೆ ನಡೆದರು. ಗ್ರಂಥಸಂಪಾದಕರು ಪ್ರಕ್ಷೇಪವೆಂದು ಕರೆಯುವ ಸಾಲುಗಳು ಮೂಲಪಾಠದೊಳಗೆ ನುಗ್ಗಿದ್ದು ಈ ಕಾಲದಲ್ಲೇ.

ಪ್ರಕ್ಷೇಪಗಳಲ್ಲಿ ಅಗ್ರಗಣ್ಯವಾದುದು ‘ಅಪ್ಲಿಕೇಶನ್/ಫೋರ್ಸ್-ಡೌನ್‌ಲೋಡ್’ ಎಂಬ ಕಂಟೆಂಟ್-ಟೈಪ್. ಹೆಸರು ಗಂಭೀರವಾಗಿದೆ, ಆದರೆ ಬಗೆಗಳ ಅಧಿಕೃತ ಪಟ್ಟಿಯಲ್ಲಿ ಅದು ಇಲ್ಲ. ಆದರೂ ಅದು ಫಲ ಕೊಡುತ್ತದೆ. ಏಕೆಂದರೆ ಬ್ರೌಸರಿಗೆ ಅದರ ತಲೆಬುಡ ತಿಳಿಯುವುದಿಲ್ಲ. ತಿಳಿಯದ್ದನ್ನು ತೆರೆಯುವ ಬದಲು ಉಳಿಸಿಡುವುದು ಅದರ ಸ್ವಭಾವ. ಹೀಗೆ ಅರ್ಥವಿಲ್ಲದ್ದರಿಂದಲೇ ಸಿದ್ಧಿಸುವ ಮಂತ್ರಗಳು ಬೇರೆ ಶಾಸ್ತ್ರಗಳಲ್ಲೂ ಉಂಟು. ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎಂಬ ಸಾಧುರೂಪ 1992ರಿಂದಲೂ ಮಾನಕದಲ್ಲಿರುವಾಗ ಈ ಅಪಶಬ್ದ ಏಕೆ ಎಂದು ಕೇಳಿದರೆ, ಮೊದಲಿನಿಂದ ಹಾಗೇ ಇದೆ ಎಂಬ ಉತ್ತರ ಸಿಗುತ್ತದೆ. ಜಾಗರೂಕ ಲಿಪಿಕಾರರು ಮೂರು ಕಂಟೆಂಟ್-ಟೈಪ್‌ಗಳನ್ನು ಒಂದರ ಕೆಳಗೊಂದು ಬರೆದಿಡುತ್ತಾರೆ: ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಪಿಎಚ್‌ಪಿಯ ಹೆಡರ್ ಫಂಕ್ಷನ್ನು ಅದೇ ಹೆಸರಿನ ಹಿಂದಿನ ಹೆಡರನ್ನು ಅಳಿಸಿ ಹೊಸದನ್ನು ಕೂರಿಸುವುದರಿಂದ ಮೊದಲೆರಡು ಸರ್ವರಿನ ಹೊಸ್ತಿಲನ್ನೇ ದಾಟುವುದಿಲ್ಲ. ಅವು ಇರುವುದು ಓದುವವರ ಸಮಾಧಾನಕ್ಕೆ.

ಎರಡನೆಯ ಪ್ರಕ್ಷೇಪ ‘ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಬೈನರಿ’. ಇದೂ ಇಮೇಲಿನ ಆಸ್ತಿ. ಎಚ್‌ಟಿಟಿಪಿಯಲ್ಲಿ ಇದಕ್ಕೆ ಕೆಲಸವೇ ಇಲ್ಲ. ಮೂರನೆಯದು ‘ಪ್ರಾಗ್ಮಾ: ಪಬ್ಲಿಕ್’. ಇದಕ್ಕೊಂದು ಕರುಣಾಜನಕ ಹಿನ್ನೆಲೆಯುಂಟು. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಹಳೆಯ ಆವೃತ್ತಿಗಳು ಎಚ್‌ಟಿಟಿಪಿಎಸ್ ವಿಳಾಸದಿಂದ ಬಂದ ಫೈಲಿಗೆ ‘ಕ್ಯಾಶ್ ಮಾಡಬೇಡ’ ಎಂಬ ಹೆಡರು ಜೊತೆಗಿದ್ದರೆ ಅದನ್ನು ಅಕ್ಷರಶಃ ಪಾಲಿಸಿ, ಉಳಿಸಲೆಂದೇ ಇಳಿಸಿದ ಫೈಲನ್ನೂ ಉಳಿಸದೆ ಬಿಡುತ್ತಿದ್ದವು. ಆ ಹೆಡರನ್ನು ಕಳಿಸುತ್ತಿದ್ದವರು ಯಾರು? ಪ್ರೋಗ್ರಾಮರಲ್ಲ, ಸೆಷನ್ ಶುರುವಾದೊಡನೆ ಪಿಎಚ್‌ಪಿ ತಾನಾಗಿ ಕಳಿಸುತ್ತಿತ್ತು, ಇಂದಿಗೂ ಕಳಿಸುತ್ತದೆ. ಅದನ್ನು ತುಳಿದುಹಾಕಲು ಸೇರಿಸಿದ ಸಾಲು ಇದು. ಎಕ್ಸ್‌ಪ್ಲೋರರಿನ ಡೆಸ್ಕ್‌ಟಾಪ್ ಆವೃತ್ತಿ 2022ರ ಜೂನ್ 15ರಂದು ನಿವೃತ್ತಿಯಾಯಿತು. ಸಾಲಿಗೆ ನಿವೃತ್ತಿಯ ವಯಸ್ಸು ಇನ್ನೂ ನಿಗದಿಯಾಗಿಲ್ಲ.

ಇಲ್ಲೊಂದು ಪ್ರಾಸಂಗಿಕ ಟಿಪ್ಪಣಿ. ಸೆಷನ್ ಜೊತೆಗೆ ಹೊರಡುವ ‘ಎಕ್ಸ್‌ಪೈರ್ಸ್’ ಹೆಡರಿನಲ್ಲಿ 1981ರ ನವೆಂಬರ್ 19, ಗುರುವಾರ, ಗ್ರೀನಿಚ್ ಕಾಲಮಾನ 8 ಗಂಟೆ 52 ನಿಮಿಷ ಎಂದಿರುತ್ತದೆ. ಕಳೆದುಹೋದ ಯಾವ ದಿನವಾದರೂ ಸಾಕಿತ್ತು. ಸೆಷನ್ ಭಾಗವನ್ನು ಬರೆದವರ ಜನ್ಮದಿನ ಅದೆಂಬುದು ಆ ವಲಯದ ಪ್ರತೀತಿ. ಜಗತ್ತಿನ ಲಕ್ಷಾಂತರ ಸರ್ವರುಗಳು ಅಡಿಗಡಿಗೆ ಒಂದು ಜಾತಕದ ವಿವರವನ್ನು ಹೊರಗೆಡಹುತ್ತಿವೆ. ಕುಂಡಲಿ ಹಾಕಲು ಜನ್ಮಸ್ಥಳವೊಂದು ಬಾಕಿ.

ಇನ್ನು ದೋಷಗಳ ನಿರೂಪಣೆ. ಪ್ರಥಮ ದೋಷ, ‘ಹೆಡರ್ಸ್ ಆಲ್‌ರೆಡಿ ಸೆಂಟ್’. ಎಚ್‌ಟಿಟಿಪಿಯಲ್ಲಿ ಹೆಡರು ಮುಂದೆ, ಒಡಲು ಹಿಂದೆ. ಒಡಲಿನ ಒಂದೇ ಒಂದು ಬೈಟು ಹೊರಟರೂ ಹೆಡರುಗಳ ಬಾಗಿಲು ಮುಚ್ಚಿತು. ಆಮೇಲೆ ಬರೆದ ಅಟ್ಯಾಚ್‌ಮೆಂಟು, ಆಕ್ಟೆಟ್-ಸ್ಟ್ರೀಮು ಎಲ್ಲವೂ ವ್ಯರ್ಥ. ಫೈಲು ಎಚ್‌ಟಿಎಂಎಲ್ ಪುಟದ ವೇಷದಲ್ಲಿ ಹೋಗಿ ಪರದೆಯ ತುಂಬ ಕಾಗೆ ಕಾಲು ಗುಬ್ಬಿ ಕಾಲು ಬರೆಯುತ್ತದೆ. ಆ ಮೊದಲ ಬೈಟನ್ನು ಕಳಿಸಿದ್ದು ಯಾವ ಫೈಲಿನ ಎಷ್ಟನೆಯ ಸಾಲು ಎಂಬುದನ್ನು ಎರರ್ ಸಂದೇಶವೇ ಆವರಣದೊಳಗೆ ಹೇಳುತ್ತದೆ. ಆವರಣದೊಳಗಿನದನ್ನು ಓದಬಾರದೆಂಬ ನಿಯಮ ಎಲ್ಲೂ ಇಲ್ಲದಿದ್ದರೂ ಕಟ್ಟುನಿಟ್ಟಾಗಿ ಪಾಲನೆಯಲ್ಲಿದೆ. ಹೆಚ್ಚಿನವರು ಸಂದೇಶ ಕಂಡ ಕೂಡಲೇ ಇನ್ನೆರಡು ಹೆಡರು ಸೇರಿಸುತ್ತಾರೆ. ಅವೂ ಹೋಗುವುದಿಲ್ಲ.

ಅಪರಾಧಿ ಬಹುಪಾಲು ಅದೃಶ್ಯ. ಕಾನ್ಫಿಗ್ ಫೈಲಿನ ಕೊನೆಯ ಪಿಎಚ್‌ಪಿ ಮುಕ್ತಾಯ ಚಿಹ್ನೆಯಾದ ಮೇಲೆ ಉಳಿದ ಖಾಲಿ ಸಾಲು ಇರಬಹುದು. ಚಿಹ್ನೆಗೆ ಅಂಟಿಕೊಂಡ ಒಂದು ಹೊಸಸಾಲನ್ನು ಪಿಎಚ್‌ಪಿ ತಾನೇ ನುಂಗಿಕೊಳ್ಳುತ್ತದೆ, ಎರಡನೆಯದನ್ನು ನುಂಗುವುದಿಲ್ಲ. ಔದಾರ್ಯಕ್ಕೂ ಮಿತಿ ಬೇಕು. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಮುಕ್ತಾಯ ಚಿಹ್ನೆಯನ್ನೇ ಬರೆಯಕೂಡದೆಂದು ಪಿಎಸ್‌ಆರ್-12 ಎಂಬ ಶೈಲಿಸಂಹಿತೆ ವಿಧಿಸುತ್ತದೆ. ಇದೊಂದೇ ವಿಧಿಯನ್ನು ಪಾಲಿಸಿದರೆ ಈ ಶಾಸ್ತ್ರದ ಕಾಲುಭಾಗ ಪಾಠಪಟ್ಟಿಯಿಂದ ಬಿದ್ದುಹೋಗುತ್ತದೆ. ಆದ್ದರಿಂದಲೋ ಏನೋ ಪಾಲನೆ ಕಡಿಮೆ.

ಇನ್ನೊಂದು ಅದೃಶ್ಯ ಜೀವಿ ಬಾಮ್, ಅಂದರೆ ಯುಟಿಎಫ್-8 ಫೈಲಿನ ತಲೆಯ ಮೇಲೆ ಕೂರುವ ಮೂರು ಬೈಟು: ಇಎಫ್, ಬಿಬಿ, ಬಿಎಫ್. ಹಳೆಯ ಲ್ಯಾಟಿನ್ ಸಂಕೇತದಲ್ಲಿ ತೆರೆದರೆ ಅದು ಎರಡು ಚುಕ್ಕೆ ಹೊತ್ತ ಐ, ಒಂದು ಕೋನಾಕೃತಿಯ ಉದ್ಧರಣ ಚಿಹ್ನೆ, ತಲೆಕೆಳಗಾದ ಒಂದು ಪ್ರಶ್ನಾರ್ಥಕ ಚಿಹ್ನೆ ಆಗಿ ದರ್ಶನ ಕೊಡುತ್ತದೆ. ಕನ್ನಡಿಗರಿಗೆ ಇದರ ಪರಿಚಯ ವಿಶೇಷವಾಗಿದೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಬರೆದವನು ಆನ್ಸಿ ರೂಪದಲ್ಲೇ ಉಳಿಸಿ ಪಾರಾಗುತ್ತಿದ್ದ. ಕನ್ನಡದ ಪದಗಳಿರುವ ಭಾಷಾಫೈಲನ್ನು ಹಾಗೆ ಉಳಿಸಿದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುವುದರಿಂದ ಯುಟಿಎಫ್-8 ಆರಿಸಲೇಬೇಕು. ಆರಿಸಿದರೆ ನೋಟ್‌ಪ್ಯಾಡು ಕೇಳದೆಯೇ ಬಾಮ್ ಇಡುತ್ತಿತ್ತು. ಬಾಮಿಲ್ಲದ ಯುಟಿಎಫ್-8 ಅದರ ರೂಢಿಯಾದದ್ದು 2019ರ ವಿಂಡೋಸ್ 10 ಆವೃತ್ತಿಯಿಂದ. ಅಲ್ಲಿಯವರೆಗೆ ಕನ್ನಡದಲ್ಲಿ ಸಂದೇಶ ತೋರಿಸುವ ಉತ್ಸಾಹಕ್ಕೆ ಡೌನ್‌ಲೋಡ್ ಕೆಡುವುದು ಕಂದಾಯವಾಗಿತ್ತು.

ಈಗ ಪೂರ್ವಪಕ್ಷ: ಹಾಗಿದ್ದರೆ ಅದೇ ಕೋಡು ನನ್ನ ಮಷೀನಿನಲ್ಲಿ ಹೇಗೆ ನಡೆಯಿತು? ಸಿದ್ಧಾಂತ: ಔಟ್‌ಪುಟ್ ಬಫರಿಂಗ್. ಪಿಎಚ್‌ಪಿ ಜೊತೆ ಬರುವ ಮಾದರಿ ಸೆಟ್ಟಿಂಗಿನಲ್ಲಿ ಇದರ ಬೆಲೆ 4096. ಅಂದರೆ ಮೊದಲ 4096 ಬೈಟು ತುಂಬುವವರೆಗೆ ಹೊರಟದ್ದೆಲ್ಲ ಒಳಗೇ ತಡೆದುಕೊಂಡಿರುತ್ತದೆ, ಹೆಡರಿಗೆ ದಾರಿ ತೆರೆದಿರುತ್ತದೆ. ಸರ್ವರಿನಲ್ಲಿ ಅದು ಆಫ್ ಆಗಿದ್ದರೆ ಮೊದಲ ಬೈಟಿಗೇ ಬಾಗಿಲು ಬಂದ್. ಆದರೆ ಬಫರಿಂಗ್ ದೋಷವನ್ನು ಕಳೆಯುವುದಿಲ್ಲ, ಜಾಗ ಬದಲಿಸುತ್ತದೆ. ಬಾಮಿನ ಮೂರು ಬೈಟು ಈಗ ಫೈಲಿನ ತಲೆಗೆ ಅಂಟಿ ಹೋಗುತ್ತವೆ. ಕಂಟೆಂಟ್-ಲೆಂತ್ ಮಾತ್ರ ಮೂಲ ಫೈಲಿನ ಗಾತ್ರವನ್ನೇ ಹೇಳುತ್ತಿರುತ್ತದೆ. ಬ್ರೌಸರು ಹೇಳಿದಷ್ಟೇ ಬೈಟು ಎಣಿಸಿ ತೆಗೆದುಕೊಳ್ಳುವುದರಿಂದ ತಲೆಯಲ್ಲಿ ಮೂರು ಬೈಟು ಹೆಚ್ಚು, ಬಾಲದಲ್ಲಿ ಮೂರು ಬೈಟು ಕಡಿಮೆ. ಒಟ್ಟು ಗಾತ್ರ ಸರಿಯಾಗಿಯೇ ಇರುತ್ತದೆ. ಲೆಕ್ಕಪರಿಶೋಧನೆಯಲ್ಲಿ ಇದಕ್ಕಿಂತ ಚೊಕ್ಕಟವಾದ ಅವ್ಯವಹಾರ ಸಿಗುವುದು ಕಷ್ಟ.

ಬಾಲದ ದೋಷಕ್ಕೆ ಮುಖ್ಯ ಕಾರಣ ಎಕ್ಸಿಟ್ ಮರೆತದ್ದು. ರೀಡ್‌ಫೈಲ್ ಮುಗಿದ ಮೇಲೂ ಸ್ಕ್ರಿಪ್ಟು ಓಡುತ್ತಾ ಹೋಗಿ, ಪುಟದ ಅಡಿಬರಹವನ್ನು, ಕಾಪಿರೈಟ್ ವರ್ಷದ ಸಮೇತ, ಎಕ್ಸೆಲ್ ಫೈಲಿನ ಹಿಂದೆ ಹಚ್ಚುತ್ತದೆ. ಕೆಲವು ತಂತ್ರಾಂಶಗಳು ಇದನ್ನು ಸಹಿಸಿಕೊಳ್ಳುತ್ತವೆ, ಕೆಲವು ಫೈಲು ಹಾಳಾಗಿದೆ ಎನ್ನುತ್ತವೆ. ಕಂಟೆಂಟ್-ಲೆಂತ್ ಸರಿಯಿದ್ದರೆ ಅಡಿಬರಹ ದಾರಿಯಲ್ಲೇ ಕತ್ತರಿಸಿಹೋಗಿ ದೋಷ ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ.

ಇವೆಲ್ಲಕ್ಕೂ ಇರುವ ಪರೀಕ್ಷೆ ಒಂದೇ, ಅದೂ ಶಾಸ್ತ್ರಕ್ಕೆ ಅವಮಾನವಾಗುವಷ್ಟು ಸರಳ. ಇಳಿದ ಫೈಲನ್ನು ಅದಕ್ಕೆ ಮೀಸಲಾದ ತಂತ್ರಾಂಶದಲ್ಲಿ ತೆರೆಯಲು ಹೆಣಗದೆ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ನೋಡುವುದು. ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂಬ ಅಕ್ಷರಗಳಿಂದ ಶುರುವಾಗಬೇಕು. ಜಿಪ್ ಆದರೆ ಪಿಕೆ ಎಂಬ ಎರಡಕ್ಷರದಿಂದ. ಅದು ಆ ರೂಪವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಶಿಯಲ್ಲು. ಇಂದಿನ ವರ್ಡ್, ಎಕ್ಸೆಲ್ ಫೈಲುಗಳೂ ಒಳಗೆ ಜಿಪ್ಪೇ ಆದ್ದರಿಂದ ಅವಕ್ಕೂ ಅದೇ ಲಕ್ಷಣ. ಅದಕ್ಕೆ ಮುಂಚೆ ‘ವಾರ್ನಿಂಗ್’ ಎಂದು ಶುರುವಾಗುವ ಇಂಗ್ಲಿಷ್ ವಾಕ್ಯವಿದ್ದರೆ ರೋಗ, ಕಾರಣ, ಸಾಲಿನ ಸಂಖ್ಯೆ ಎಲ್ಲ ಅಲ್ಲೇ ಬರೆದಿದೆ. ಲಾಗಿನ್ ಪುಟದ ಎಚ್‌ಟಿಎಂಎಲ್ ಕಂಡರೆ ಸೆಷನ್ ಮುಗಿದಿದೆ, ಸರ್ವರು ಲಾಗಿನ್ ಪುಟಕ್ಕೇ ಪಿಡಿಎಫ್ ಎಂಬ ಹೆಸರಿಟ್ಟು ಕಳಿಸಿದೆ ಎಂದರ್ಥ. ಯಾವ ವರದಿ ಕೇಳಿದರೂ ಒಂದೇ ಗಾತ್ರದ ಫೈಲು ಬರುತ್ತಿದ್ದರೆ ತೆರೆಯದೆಯೂ ಇದನ್ನು ಊಹಿಸಬಹುದು.

ಗಾತ್ರ ದೊಡ್ಡದಾದಾಗ ಬರುವ ಕಾಯಿಲೆಗಳು ಬೇರೆ. 134217728 ಎಂಬ ಸಂಖ್ಯೆ ಎರರ್ ಲಾಗಿನಲ್ಲಿ ಕಂಡರೆ 128 ಎಂಬಿ ಮೆಮೊರಿ ಮಿತಿ ಮುಗಿದಿದೆ. ಆರೋಪ ಸಾಮಾನ್ಯವಾಗಿ ರೀಡ್‌ಫೈಲ್ ಮೇಲೆ ಬರುತ್ತದೆ. ಆದರೆ ಅದು ಫೈಲನ್ನು ತುಂಡುತುಂಡಾಗಿ ಓದಿ ಕಳಿಸುವ ಸಾಧು ಫಂಕ್ಷನ್ನು. ಅದರ ಸುತ್ತ ಯಾರೋ ತೆರೆದಿಟ್ಟ ಮಿತಿಯಿಲ್ಲದ ಬಫರು ಎಲ್ಲವನ್ನೂ ಒಳಗೆ ತುಂಬಿಕೊಂಡಿರುತ್ತದೆ. ಕಳಿಸುವ ಮುನ್ನ ತೆರೆದಿರುವ ಬಫರುಗಳನ್ನೆಲ್ಲ ಮುಚ್ಚಿದರೆ ಸಾಕು. ಡೌನ್‌ಲೋಡ್ ಮುಗಿಯುವ ತನಕ ಅದೇ ಬಳಕೆದಾರನಿಗೆ ಸೈಟಿನ ಬೇರೆ ಯಾವ ಪುಟವೂ ತೆರೆಯದಿದ್ದರೆ ಅದು ನೆಟ್‌ವರ್ಕಿನ ತಪ್ಪಲ್ಲ, ಸೆಷನ್ ಫೈಲಿನ ಬೀಗ. ಕಳಿಸುವ ಮುನ್ನ ಸೆಷನ್ ರೈಟ್ ಕ್ಲೋಸ್ ಕರೆದರೆ ಬೀಗ ಬಿಡುತ್ತದೆ.

ಫೈಲಿನ ಹೆಸರಿನ ಅಧ್ಯಾಯ ಕನ್ನಡದವರು ಬಿಡುವಂತಿಲ್ಲ. ಹೆಸರಿನಲ್ಲಿ ಖಾಲಿಜಾಗವಿದ್ದು ಸುತ್ತ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಫೈರ್‌ಫಾಕ್ಸು ಮೊದಲ ಪದಕ್ಕೇ ನಿಲ್ಲಿಸುತ್ತಿತ್ತು. ‘ಮೈಸೂರು ವಿಭಾಗದ ವರದಿ’ ಬರೀ ‘ಮೈಸೂರು’ ಆಗಿ ಇಳಿಯುತ್ತಿತ್ತು. ಕನ್ನಡ ಹೆಸರನ್ನು ಹಾಗೇ ಕಳಿಸಿದರೆ ಬ್ರೌಸರು ಲ್ಯಾಟಿನ್ ಎಂದು ಬಗೆದು, ತಲೆಯ ಮೇಲೆ ಗೀರಿರುವ ಎ ಮತ್ತು ಮೇಲಕ್ಕೇರಿದ 2 ಅಥವಾ 3 ಇವುಗಳ ಜಪಮಾಲೆ ಮಾಡಬಹುದು. ಸರಿಯಾದ ದಾರಿ, ಫೈಲ್‌ನೇಮ್ ಪದದ ಪಕ್ಕ ನಕ್ಷತ್ರ ಚಿಹ್ನೆ ಇಟ್ಟು, ಯುಟಿಎಫ್-8 ಎಂದು ಸಾರಿ, ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಬರೆಯುವುದು. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟು, ಬೈಟಿಗೆ ಮೂರು ಅಕ್ಷರ. ‘ಶ್ರೀ’ ಎಂದರೆ ಶ, ವಿರಾಮ, ರ, ದೀರ್ಘ ಈಕಾರ: ನಾಲ್ಕು ಚಿಹ್ನೆ, ಹನ್ನೆರಡು ಬೈಟು, ಹೆಡರಿನಲ್ಲಿ 36 ಅಕ್ಷರ. ಶ್ರೀಕಾರ ಹಾಕುವ ಪದ್ಧತಿಗೆ ಇಷ್ಟು ವೆಚ್ಚವಾಗುವುದೆಂದು ಹಿಂದಿನ ಲಿಪಿಕಾರರು ಎಣಿಸಿರಲಿಲ್ಲ. ಇದಕ್ಕೆ ರಾಯುಆರ್‌ಎಲ್‌ಎನ್‌ಕೋಡ್ ಫಂಕ್ಷನ್ನೇ ಆಗಬೇಕು. ‘ರಾ’ ಇಲ್ಲದ ಸೋದರನನ್ನು ಬಳಸಿದರೆ ಪದಗಳ ನಡುವೆ ಖಾಲಿಜಾಗದ ಬದಲು ಕೂಡುವ ಚಿಹ್ನೆ ಕೂತು, ವರದಿಯ ಹೆಸರು ಲೆಕ್ಕದ ಸಮಸ್ಯೆಯಂತೆ ಕಾಣುತ್ತದೆ.

ಏಜಾಕ್ಸ್ ಪಂಥದ ತಕರಾರನ್ನು ಬೇಗ ಮುಗಿಸಬಹುದು. ಎಲ್ಲ ಹೆಡರೂ ಸರಿಯಿದೆ, ಸರ್ವರು 200 ಎನ್ನುತ್ತಿದೆ, ಆದರೂ ಏನೂ ಇಳಿಯುತ್ತಿಲ್ಲ ಎಂಬುದು ಅವರ ದೂರು. ಜಾವಾಸ್ಕ್ರಿಪ್ಟು ಕೇಳಿ ತರಿಸಿಕೊಂಡ ಉತ್ತರ ಜಾವಾಸ್ಕ್ರಿಪ್ಟಿನ ಕೈಗೇ ಹೋಗುತ್ತದೆ. ಅಟ್ಯಾಚ್‌ಮೆಂಟ್ ಎಂಬ ಮಾತನ್ನು ಅಲ್ಲಿ ಪಾಲಿಸುವವರಿಲ್ಲ. ಸಾದಾ ಲಿಂಕಿಗೆ ಮರಳಿದರೆ ದೂರು ವಜಾ.

ಪರಿಹಾಸ ಸಲ್ಲದ ಭಾಗ ಒಂದಿದೆ. ಯಾವ ಫೈಲು ಬೇಕೆಂಬುದನ್ನು ವಿಳಾಸಪಟ್ಟಿಯಿಂದ ಎತ್ತಿಕೊಂಡು ನೇರವಾಗಿ ರೀಡ್‌ಫೈಲಿಗೆ ಕೊಡುವ ಸ್ಕ್ರಿಪ್ಟು, ಎರಡು ಚುಕ್ಕೆ ಒಂದು ಓರೆಗೆರೆಗಳನ್ನು ಸಾಲಾಗಿ ಬರೆದು ಮೇಲಿನ ಫೋಲ್ಡರುಗಳಿಗೆ ಹತ್ತುವವನಿಗೆ ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನೂ ಅದೇ ವಿನಯದಿಂದ ಇಳಿಸಿಕೊಡುತ್ತದೆ. ಈ ಒಂದು ಸಂದರ್ಭದಲ್ಲಿ ಡೌನ್‌ಲೋಡ್ ಯಾವ ದೋಷವೂ ಇಲ್ಲದೆ ನಡೆಯುವುದುಂಟು. ಬೇಸ್‌ನೇಮ್ ಫಂಕ್ಷನ್ನು ಆ ಮೆಟ್ಟಿಲುಗಳನ್ನು ಕತ್ತರಿಸುತ್ತದೆ. ಹೆಸರಿನ ಬದಲು ಒಂದು ಕ್ರಮಸಂಖ್ಯೆ ಪಡೆದು, ಹೆಸರನ್ನು ಡೇಟಾಬೇಸಿನಿಂದ ಓದುವುದು ಇನ್ನೂ ಮೇಲು.

ಕೊನೆಯದಾಗಿ ಈ ಶಾಸ್ತ್ರದ ವ್ಯಾಪ್ತಿ. ದೊಡ್ಡ ಫೈಲನ್ನು ಕಳಿಸುವುದು, ನಡುವೆ ತುಂಡಾದ ಡೌನ್‌ಲೋಡನ್ನು ಮುಂದುವರಿಸುವುದು ಪಿಎಚ್‌ಪಿಗಿಂತ ವೆಬ್ ಸರ್ವರಿಗೇ ಚೆನ್ನಾಗಿ ಬರುವ ಕೆಲಸ. ಅಪಾಚೆಯಲ್ಲಿ ಎಕ್ಸ್-ಸೆಂಡ್‌ಫೈಲ್ ಮಾಡ್ಯೂಲು, ಎಂಜಿನ್‌ಎಕ್ಸ್‌ನಲ್ಲಿ ಎಕ್ಸ್-ಆಕ್ಸೆಲ್-ರಿಡೈರೆಕ್ಟ್ ಇರುವುದು ಇದಕ್ಕಾಗಿ. ಆಗ ಪಿಎಚ್‌ಪಿಗೆ ಉಳಿಯುವುದು ಕೇಳಿದವನಿಗೆ ಫೈಲು ಪಡೆಯುವ ಹಕ್ಕಿದೆಯೇ ಎಂದು ನೋಡುವ ಕೆಲಸ. ಹಕ್ಕಿನ ಪ್ರಶ್ನೆಯೇ ಇಲ್ಲದ, ಎಲ್ಲರಿಗೂ ತೆರೆದಿರುವ, ಅದೇ ಸೈಟಿನಲ್ಲಿರುವ ಫೈಲಾದರೆ ಎಚ್‌ಟಿಎಂಎಲ್ ಲಿಂಕಿಗೆ ‘ಡೌನ್‌ಲೋಡ್’ ಎಂಬ ಒಂದು ಪದ ಸೇರಿಸಿದರೆ ಬ್ರೌಸರು ಅದನ್ನು ತೆರೆಯದೆ ಇಳಿಸಿಕೊಳ್ಳುತ್ತದೆ. ಅಲ್ಲಿ ಪಿಎಚ್‌ಪಿ ಬೇಕಾಗುವುದೇ ಇಲ್ಲ.